ಒಂದು ಪ್ಯಾಕೆಟ್ ಹಾಲು, ಎರಡು ಮನೆಯ ಲೆಕ್ಕ

ಸಂಪಾದಕರಿಗೆ ನಮಸ್ಕಾರ.

ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಗೃಹಿಣಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕಿಕೊಡುತ್ತೇನೆ. ನನ್ನ ತವರು ಕೋಲಾರದ ಕಡೆಯ ಹಳ್ಳಿ. ನಿಮ್ಮ ಪತ್ರಿಕೆಯನ್ನು ಮದುವೆಯಾಗಿ ಬಂದಾಗಿನಿಂದ ಓದುತ್ತಿದ್ದೇನೆ. ಪತ್ರ ಬರೆಯುತ್ತಿರುವುದು ಇದೇ ಮೊದಲು. ಈ ವಾರ ಬರೆಯದೆ ಇರಲು ಆಗಲಿಲ್ಲ.

ವಿಷಯ ಹಾಲಿನ ದರ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಜಾಸ್ತಿ ಆಗಿದೆ. 42 ಇದ್ದದ್ದು 46 ಆಯಿತು ಎಂದು ಎಲ್ಲರೂ ಬರೆದಿದ್ದೀರಿ. ಅದು ಸರಿಯೇ. ಈ ಸುದ್ದಿ ಬಂದಾಗ ನಾನು ಎಲ್ಲಿದ್ದೆ, ಯಾರ ಪಕ್ಕದಲ್ಲಿ ಕೂತಿದ್ದೆ ಅನ್ನುವುದನ್ನು ಹೇಳಬೇಕು.

ಈ ಸಲ ಯುಗಾದಿ ಮಾರ್ಚ್ 30, ಭಾನುವಾರ ಬಂತು. ಹಬ್ಬಕ್ಕೆ ತವರಿಗೆ ಹೋಗಿ ನಾಲ್ಕು ವರ್ಷ ಆಗಿತ್ತು. ಶನಿವಾರ ಬೆಳಿಗ್ಗೆ ನಾನು, ಸೊಸೆ, ಮೊಮ್ಮಗ ಹೊರಟೆವು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ತವರು ಹತ್ತಿರವಾದಂತೆ ಆಗಿದೆ. ಮೊದಲಾದರೆ ಬಸ್ ಚಾರ್ಜು ಎಣಿಸಿ ಎಣಿಸಿ ಹಬ್ಬವನ್ನೇ ಮುಂದಕ್ಕೆ ಹಾಕುತ್ತಿದ್ದೆ. ತಮ್ಮ ಪ್ರತಿ ವರ್ಷ ಫೋನ್ ಮಾಡಿ ಕರೆಯುತ್ತಾನೆ. ಅವನೂ ಅವನ ಹೆಂಡತಿಯೂ ಜೊತೆಯಾಗಿ ನಮ್ಮ ಮನೆಗೆ ಬಂದು ಒಂದು ರಾತ್ರಿ ಉಳಿದದ್ದು ನನಗೆ ನೆನಪೇ ಇಲ್ಲ. ಮಗನ ಮದುವೆಗೂ ತಮ್ಮ ಒಬ್ಬನೇ ಬಂದ. ಹಸು ಕಟ್ಟಿದ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಊರು ಬಿಡುವ ಹಾಗಿಲ್ಲ. ಸಂಜೆ ಐದು ಗಂಟೆಗೆ ಕೆಚ್ಚಲು ತುಂಬುತ್ತದೆ. ಅದಕ್ಕೆ ಮದುವೆ, ತಿಥಿ, ಹಬ್ಬ ಯಾವುದೂ ಗೊತ್ತಿಲ್ಲ.

ತಮ್ಮನ ಮನೆಯಲ್ಲಿ ಹಾಲು ಕೊಡುವ ಎರಡು ಎಚ್‌ಎಫ್ (ವಿದೇಶಿ ತಳಿಯ) ಹಸು, ಒಂದು ಗಬ್ಬದ ಹಸು, ಒಂದು ಕರು ಇವೆ. ಒಂದೂವರೆ ಎಕರೆ ಜಮೀನು. ಹೊಳೆ ಇಲ್ಲದ ಸೀಮೆ ನಮ್ಮದು. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಕ್ಕರೆ ಪುಣ್ಯ. ಟೊಮೆಟೊ ಹಾಕುತ್ತಾನೆ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ಎಲ್ಲ ಪತ್ರಿಕೆಗಳೂ ಬರೆದವು. ಆ ತಿಂಗಳು ಅವನ ಹೊಲದಲ್ಲಿ ಟೊಮೆಟೊ ಇರಲಿಲ್ಲ. ಅವನು ಹಾಕಿದ ಸಲ ಕೀಳುವ ಕೂಲಿಯೂ ಹುಟ್ಟಲಿಲ್ಲ. ಹಾಗಾಗಿ ಮನೆ ನಡೆಯುವುದು ಹಾಲಿನಿಂದ. ಹದಿನೈದು ದಿನಕ್ಕೊಮ್ಮೆ ಡೇರಿಯಲ್ಲಿ ಬಟವಾಡೆ ಆಗುತ್ತದೆ. ಮಕ್ಕಳ ಫೀಸು, ಅಂಗಡಿ ಸಾಲ, ಅಮ್ಮನ ಬಿಪಿ ಮಾತ್ರೆ ಎಲ್ಲ ಆ ದುಡ್ಡಿನಲ್ಲಿ. ನಮ್ಮ ಕಡೆ ಹಾಲಿನ ಮಾತು ಬಂದರೆ ಹಳಬರು ಈಗಲೂ ಇಲ್ಲಿ ಹೈನುಗಾರಿಕೆ ಬೆಳೆಸಿದ ರಾಜಕಾರಣಿ ಎಂ.ವಿ. ಕೃಷ್ಣಪ್ಪನವರ ಹೆಸರು ತೆಗೆಯುತ್ತಾರೆ. ನೀರಿಲ್ಲದ ಊರಿಗೆ ಹಸು ಒಂದು ದಾರಿ ಎಂದು ಅವರು ಅಂದೇ ಕಂಡಿದ್ದರು ಎನ್ನುತ್ತಾರೆ.

ಹಬ್ಬದ ದಿನ ಬೆಳಿಗ್ಗೆ ನಾಲ್ಕೂವರೆಗೆ ನನಗೆ ಎಚ್ಚರವಾಯಿತು. ಕೊಟ್ಟಿಗೆಯಲ್ಲಿ ಲೈಟು ಉರಿಯುತ್ತಿತ್ತು. ನಾದಿನಿ, ಅಂದರೆ ತಮ್ಮನ ಹೆಂಡತಿ, ಆಗಲೇ ಸಗಣಿ ಬಾಚಿ, ನೆಲ ತೊಳೆದು, ಕೆಚ್ಚಲಿಗೆ ಬಿಸಿನೀರು ಹಾಕಿ ಒರೆಸುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಹಾಲು ಕರೆಯುವಾಗ ಅವಳು ಹೆಬ್ಬೆರಳನ್ನು ಒಳಗೆ ಮಡಿಸಿ, ಆ ಗೆಣ್ಣಿನಿಂದ ತೊಟ್ಟನ್ನು ಒತ್ತುತ್ತಾಳೆ. ನಾವೆಲ್ಲ ಚಿಕ್ಕಂದಿನಲ್ಲಿ ಕಲಿತದ್ದೂ ಹಾಗೆಯೇ. ಪಶು ಡಾಕ್ಟರು ಹಾಗೆ ಕರೆಯಬಾರದು, ಐದು ಬೆರಳಿನ ಮುಷ್ಟಿಯಲ್ಲಿ ಕರೆಯಬೇಕು ಎಂದು ಹೇಳುತ್ತಾರಂತೆ. ಅಭ್ಯಾಸ ಹೋಗುವುದಿಲ್ಲ. ಅವಳ ಎರಡೂ ಹೆಬ್ಬೆರಳಿನ ಗೆಣ್ಣಿನ ಮೇಲೆ ಹುಣಸೆಬೀಜದಷ್ಟು ದೊಡ್ಡ ಗಟ್ಟಿ ಜಡ್ಡು ಬೆಳೆದಿದೆ. ಮುಟ್ಟಿ ನೋಡಿದೆ, ಕಲ್ಲಿನ ಹಾಗಿತ್ತು. "ನೋಯಲ್ವಾ?" ಅಂದೆ. "ಅಲ್ಲಿ ನೋವೇ ಗೊತ್ತಾಗಲ್ಲ ಅಕ್ಕ, ಮಣಿಕಟ್ಟು ಮಾತ್ರ ರಾತ್ರಿ ಹೊತ್ತು ಎಳೆಯುತ್ತೆ" ಅಂದಳು. ಅಷ್ಟು ಹೇಳುವಾಗಲೂ ಕೈ ನಿಲ್ಲಲಿಲ್ಲ. ಬಕೆಟ್ಟಿನಲ್ಲಿ ನೊರೆ ಏರುತ್ತಲೇ ಇತ್ತು.

ಆಮೇಲೆ ಅವಳ ಜೊತೆ ಡೇರಿಗೆ ಹೋದೆ. ಯುಗಾದಿ ಬೆಳಿಗ್ಗೆ, ಎಲ್ಲರ ಮನೆ ಮುಂದೆ ಮಾವಿನ ತೋರಣ. ಎಣ್ಣೆ ಸ್ನಾನ ಇನ್ನೂ ಆಗಿಲ್ಲ, ಆದರೂ ಕ್ಯಾನು ಹಿಡಿದ ಹೆಂಗಸರ ಸಾಲು ಇತ್ತು. ಒಬ್ಬೊಬ್ಬರ ಹಾಲನ್ನೂ ಅಳೆದು, ಒಂದು ಚೂರು ಪರೀಕ್ಷೆಗೆ ತೆಗೆಯುತ್ತಾರೆ. ಫ್ಯಾಟ್, ಅಂದರೆ ಕೊಬ್ಬು, ನೂರಕ್ಕೆ 3.5, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, 8.5 ಬರಬೇಕು. ಕಡಿಮೆ ಬಂದರೆ ದರವೂ ಕಡಿಮೆ. ಬಿಸಿಲು ಕಾಲದಲ್ಲಿ ಹಸಿ ಮೇವು ಇಲ್ಲದೆ ಅದು ಇಳಿಯುತ್ತದೆ. ನನ್ನ ಮುಂದೆ ನಿಂತಿದ್ದ ಒಬ್ಬ ಅಜ್ಜಿ ಚೀಟಿ ಕೈಗೆ ಬಂದ ಕೂಡಲೇ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಓದಲು ಬರುವುದಿಲ್ಲ ಅಂತ ಕಾಣುತ್ತದೆ, ಪಕ್ಕದ ಹುಡುಗಿಗೆ ತೋರಿಸಿದರು. ಹುಡುಗಿ "ಪರವಾಗಿಲ್ಲಜ್ಜಿ, ಬಂದಿದೆ" ಅಂದಮೇಲೆ ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಪರೀಕ್ಷೆಯ ರಿಸಲ್ಟು ದಿನಕ್ಕೆ ಎರಡು ಸಲ, ವರ್ಷದ ಅಷ್ಟೂ ದಿನ.

ಅವತ್ತು ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಸೊಸೆ ಮೊಬೈಲ್ ನೋಡುತ್ತಿದ್ದಳು. ಗುರುವಾರವೇ ಸರ್ಕಾರ ತೀರ್ಮಾನ ಮಾಡಿತ್ತಲ್ಲ, ಅದೇ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಟೀವಿಯಲ್ಲೂ ಅದೇ. ಗ್ರಾಹಕರಿಗೆ ಶಾಕ್, ಜನರಿಗೆ ಬರೆ, ಜೇಬಿಗೆ ಕತ್ತರಿ. ಸೊಸೆ ಬಾಯಿಬಿಟ್ಟು ಅಂದಳು: "ಮತ್ತೆ ನಾಲ್ಕು ರೂಪಾಯಿ ಅತ್ತೆ! ಜನ ಬದುಕೋದು ಹೇಗೆ? ಯಾರ ಹೊಟ್ಟೆ ತುಂಬಿಸೋಕೆ ಇದು?"

ಅವಳ ತಪ್ಪಿಲ್ಲ. ಗಾರ್ಮೆಂಟ್ಸ್‌ಗೆ ಹೋಗಿ ದುಡಿಯುವ ಹುಡುಗಿ, ತಿಂಗಳ ಕೊನೆಗೆ ಮನೆಯ ಲೆಕ್ಕ ಅವಳೇ ಬರೆಯುತ್ತಾಳೆ. ಯಾರ ಮನೆಯಲ್ಲಿ ಕೂತು ಆಡಿದೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ತಮ್ಮ ಮಾತಾಡಲಿಲ್ಲ. ನಾದಿನಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಮತ್ತೆ ಕೊಟ್ಟಿಗೆಯಲ್ಲಿ ಸಿಕ್ಕಳು. ಹಸುವಿನ ಬೆನ್ನು ಸವರುತ್ತಾ ಹೇಳಿದಳು: "ಅಕ್ಕ, ನಾಲ್ಕು ರೂಪಾಯಿ ಜಾಸ್ತಿ ಆಯ್ತು ಅಂತ ಗುರುವಾರ ಇವರು ಹೇಳಿದಾಗ ಖುಷಿ ಆಗಿತ್ತು. ಇವತ್ತು ಅದನ್ನು ಕೇಳಿದ ಮೇಲೆ ನಾಚಿಕೆ ಆಯ್ತು. ನಾವೇನೋ ಯಾರದೋ ಮನೆ ಮಕ್ಕಳ ಬಾಯಿಂದ ಕಿತ್ತುಕೊಂಡ ಹಾಗೆ."

ಸಂಪಾದಕರೇ, ಆ ಒಂದು ಮಾತು ನನ್ನನ್ನು ಈ ಪತ್ರ ಬರೆಯುವ ಹಾಗೆ ಮಾಡಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಹೆಬ್ಬೆರಳು ಜಡ್ಡುಗಟ್ಟಿಸಿಕೊಂಡು ದುಡಿಯುವ ಹೆಣ್ಣುಮಗಳು ತಾನು ಕರೆದ ಹಾಲಿಗೆ ನಾಲ್ಕು ರೂಪಾಯಿ ಜಾಸ್ತಿ ಸಿಗುತ್ತದೆ ಎಂದರೆ ನಾಚಿಕೊಳ್ಳಬೇಕೇ? ಹಾಗೆ ನಾಚಿಕೊಳ್ಳುವಂತೆ ಮಾಡಿದ್ದು ಯಾರು? ಸುದ್ದಿ ಬರೆಯುವ, ಹೇಳುವ ರೀತಿಯಲ್ಲೇ ಏನೋ ಒಂದು ಬಿಟ್ಟುಹೋಗಿದೆ ಎಂದು ನನಗನ್ನಿಸುತ್ತದೆ. ದರ ಜಾಸ್ತಿ ಆದಾಗಲೆಲ್ಲ ಕ್ಯಾಮೆರಾ ಬರುವುದು ಬೂತಿನ ಮುಂದೆ. ಕೊಟ್ಟಿಗೆಯ ಮುಂದೆ ಯಾರೂ ಬರುವುದಿಲ್ಲ.

ನನ್ನ ಮನೆಯ ಲೆಕ್ಕವನ್ನೂ ಹೇಳುತ್ತೇನೆ. ಕೊಳ್ಳುವವರ ಕಷ್ಟ ನನಗೆ ಗೊತ್ತಿಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಮನೆಯಲ್ಲಿ ನಾವು ಆರು ಜನ. ದಿನಕ್ಕೆ ಲೀಟರಿನ ನೀಲಿ ಪ್ಯಾಕೆಟ್ ಎರಡು. ಮೊಸರು ಅದರಲ್ಲೇ ಹೆಪ್ಪು ಹಾಕುತ್ತೇನೆ. 2023ರ ಆಗಸ್ಟ್‌ನಲ್ಲಿ 39 ಇದ್ದದ್ದು 42 ಆಯಿತು. 2024ರ ಜೂನ್‌ನಲ್ಲಿ 2 ರೂಪಾಯಿ ಜಾಸ್ತಿ ಮಾಡಿ 50 ಮಿಲಿ ಹೆಚ್ಚಿಗೆ ಹಾಲು ಕೊಟ್ಟರು. ಅಂದರೆ 1,050 ಮಿಲಿಗೆ 44. ಈಗ ಆ 50 ಮಿಲಿ ತೆಗೆದು, 1,000 ಮಿಲಿಗೆ 46. ಮಂಗಳವಾರ ಬೆಳಿಗ್ಗೆ ಬೂತಿನಲ್ಲಿ ಜನ ಗೊಂದಲ ಮಾಡಿಕೊಂಡದ್ದು ಇಲ್ಲೇ. ಎರಡೇ ರೂಪಾಯಿ ಅಲ್ವಾ ಎಂದು ಕೆಲವರು, ನಾಲ್ಕು ಎಂದು ಕೆಲವರು. ಪ್ಯಾಕೆಟ್ ಹಿಡಿದು ನೋಡಿದರೆ ಎರಡು, ಹಾಲು ಅಳೆದು ನೋಡಿದರೆ ನಾಲ್ಕು. ಮೊದಲು ತಿಂಗಳಿಗೆ 2,640 ರೂಪಾಯಿಗೆ 63 ಲೀಟರ್ ಬರುತ್ತಿತ್ತು. ಅಷ್ಟೇ ಹಾಲು ಬೇಕೆಂದರೆ ಈಗ 2,898 ಕೊಡಬೇಕು. 258 ರೂಪಾಯಿ ಜಾಸ್ತಿ. ನನಗೆ ಅದು ಎರಡು ಮೂರು ಸೀರೆ ಫಾಲ್ಸಿನ ದುಡ್ಡು.

ಅದೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ ಹದಿನೈದು ಏರಿತು. ನನಗೆ, ಸೊಸೆಗೆ ಟಿಕೆಟ್ ಇಲ್ಲ, ಆದರೆ ಯಜಮಾನರಿಗೆ, ಮಗನಿಗೆ ಇದೆ. ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ ಮಗ ಮತ್ತೆ ಬಸ್ಸಿಗೇ ಬಂದ. ಏಪ್ರಿಲ್ 1ರಂದೇ ಕರೆಂಟು ಯೂನಿಟ್‌ಗೆ 36 ಪೈಸೆ ಜಾಸ್ತಿ. ನಮ್ಮದು ಗೃಹಜ್ಯೋತಿಯ ಒಳಗೆ ಬರುತ್ತದೆ, ನನ್ನ ಹೊಲಿಗೆ ಮಷೀನು ಜಾಸ್ತಿ ಓಡಿದ ತಿಂಗಳು ಮಾತ್ರ ಭಯ. ಹೀಗೆ ಎಲ್ಲವೂ ಏರುತ್ತಿರುವಾಗ, ಬೆಳಿಗ್ಗೆ ಎದ್ದ ಕೂಡಲೇ ಕೈಗೆ ಬರುವ ವಸ್ತು ಹಾಲು. ಹಾಗಾಗಿ ಎಲ್ಲ ಸಿಟ್ಟೂ ಹಾಲಿನ ಮೇಲೆ ಬೀಳುತ್ತದೆ. ಬಸ್ಸಿನವರ, ಮೆಟ್ರೊದವರ ಮುಖ ನಾವು ಕಂಡಿಲ್ಲ. ಹಾಲಿನ ಹಿಂದಿನ ಮುಖ ನನಗೆ ಗೊತ್ತು. ಅದು ನನ್ನ ನಾದಿನಿಯ ಮುಖ.

ಈಗ ಅವಳ ಮನೆಯ ಲೆಕ್ಕ. ಹಬ್ಬದ ರಾತ್ರಿ ತಮ್ಮನನ್ನು ಕೂರಿಸಿಕೊಂಡು ಅವನ ನೋಟ್‌ಬುಕ್ ನೋಡಿದೆ. ಸೊಸೆಯೂ ಪಕ್ಕದಲ್ಲಿದ್ದಳು. ಎರಡು ಹಸುವಿನಿಂದ ಬೆಳಿಗ್ಗೆ ಒಂಬತ್ತು, ಸಂಜೆ ಏಳು, ಒಟ್ಟು ದಿನಕ್ಕೆ 16 ಲೀಟರ್. ಹದಿನೈದು ದಿನದ ಬಟವಾಡೆಗೆ 240 ಲೀಟರ್. ಡೇರಿಯ ದರ ಫ್ಯಾಟ್ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಈ ಬೇಸಿಗೆಯಲ್ಲಿ ಅವನಿಗೆ ಸಿಕ್ಕಿದ್ದು ಲೀಟರ್‌ಗೆ 32ರ ಆಸುಪಾಸು. ಹಾಗೆ 7,680 ರೂಪಾಯಿ. ಖರ್ಚು ನೋಡಿ. ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಫೀಡ್ (ಪಶು ಆಹಾರ) ಎಂದು ಲೆಕ್ಕ, ಅದರ ಮೇಲೆ ಹಸುವಿನ ಮೈಗೆ ಬೇರೆ, ಗಬ್ಬದ ಹಸುವಿಗೆ ಬೇರೆ. 50 ಕೆಜಿ ಚೀಲ ಐದು ದಿನಕ್ಕೆ ಖಾಲಿ. ಹದಿನೈದು ದಿನಕ್ಕೆ ಮೂರು ಚೀಲ, 3,600 ರೂಪಾಯಿ. ಬೂಸಾ, ಹಿಂಡಿ 1,500. ಹುಲ್ಲು, ಜೋಳದ ಕಡ್ಡಿ ಕೊಂಡದ್ದು 1,000. ಉಳಿದದ್ದು 1,580. ಗಂಡ ಹೆಂಡತಿ ಇಬ್ಬರ ದುಡಿಮೆಗೆ, ದಿನಕ್ಕೆ ನೂರು ರೂಪಾಯಿಗಿಂತ ಐದು ಜಾಸ್ತಿ.

ಸರ್ಕಾರದ ಪ್ರೋತ್ಸಾಹಧನ ಲೀಟರ್‌ಗೆ 5 ರೂಪಾಯಿ ಇದೆ. 2008ರಲ್ಲಿ 2 ರೂಪಾಯಿಯಿಂದ ಶುರುವಾದದ್ದು. ಅದು ದೊಡ್ಡ ಆಸರೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ಬಟವಾಡೆಯ ಜೊತೆ ಬರುವುದಿಲ್ಲ, ಬಂದಾಗ ಬರುತ್ತದೆ. ಫೀಡ್ ಅಂಗಡಿಯವನು ಆ ತನಕ ಕಾಯುವುದಿಲ್ಲ. ಇನ್ನು ಕೆಚ್ಚಲು ಬಾವು ಬಂದರೆ ವಾರ ಪೂರ್ತಿ ಹಾಲು ಚೆಲ್ಲಬೇಕು, ಔಷಧಿಗೆ ದುಡ್ಡು ಬೇರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದೇ ಮನೆಯಲ್ಲಿ ಒಂದು ಹಸು ಸತ್ತಿತು. ನಾದಿನಿ ಮೂರು ದಿನ ಊಟ ಬಿಟ್ಟಿದ್ದಳು. ಅದನ್ನು ಕೊಳ್ಳಲು ಮಾಡಿದ ಸಾಲದ ಕಂತು ಹಸು ಹೋದ ಮೇಲೂ ಒಂದು ವರ್ಷ ನಡೆಯಿತು.

ಈಗ 4 ರೂಪಾಯಿ ಪೂರ್ತಿ ಅವರ ಕೈಗೆ ಬಂದರೆ ಹದಿನೈದು ದಿನಕ್ಕೆ 960 ರೂಪಾಯಿ. 1,580 ಇದ್ದದ್ದು 2,540 ಆಗುತ್ತದೆ. ನನ್ನ ಮನೆಯಿಂದ ತಿಂಗಳಿಗೆ ಹೋಗುವ 258 ರೂಪಾಯಿ ಎಲ್ಲಿಗೆ ಸೇರಬೇಕು ಎಂದು ಕೇಳಿದರೆ, ಅಲ್ಲಿಗೆ ಸೇರಬೇಕು. ಅಲ್ಲಿಗೇ ಸೇರುತ್ತದೆ ಎಂದು ಗೊತ್ತಾದರೆ ನಾನು ಒಂದು ಮಾತೂ ಆಡದೆ ಕೊಡುತ್ತೇನೆ. ನನ್ನ ಸೊಸೆಯೂ ಕೊಡುತ್ತಾಳೆ. ನೋಟ್‌ಬುಕ್ ನೋಡಿದ ಮೇಲೆ ಅವಳು ಸುಮ್ಮನೆ ಎದ್ದು ಕೊಟ್ಟಿಗೆಗೆ ಹೋದಳು. ಇಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ. ಮಾರನೇ ದಿನ ಹೊಸತೊಡಕಿನ ಅಡುಗೆಗೆ ಇಬ್ಬರೂ ಒಟ್ಟಿಗೆ ಮಸಾಲೆ ರುಬ್ಬುತ್ತಿದ್ದರು.

ಹೆಚ್ಚಿದ ದುಡ್ಡು ರೈತರಿಗೇ ಹೋಗುತ್ತದೆ ಎಂದು ಸರ್ಕಾರ ಹೇಳಿದೆ. ಒಳ್ಳೆಯದು. ಆ ಮಾತನ್ನು ನಾನು ನಂಬಬೇಕು ಎಂದೇ ಇದ್ದೇನೆ. ಆದರೆ ನಂಬಿದ್ದನ್ನು ಯಾರಾದರೂ ಹೋಗಿ ನೋಡಿ ಬಂದು ಹೇಳಬೇಕಲ್ಲ. ಅದಕ್ಕೇ ನಿಮ್ಮಲ್ಲಿ ಕೇಳುತ್ತಿದ್ದೇನೆ. ಹಾಲಿನ ಹೊಸ ದರ ಅಚ್ಚು ಹಾಕುವಾಗ ಅದರ ಪಕ್ಕದಲ್ಲೇ ಡೇರಿಯಲ್ಲಿ ಹಾಲು ಹಾಕುವವರಿಗೆ ಸಿಗುವ ದರವನ್ನೂ ಹಾಕಿ. ಒಂದು ಚೀಲ ಫೀಡಿನ ಬೆಲೆಯನ್ನೂ ಹಾಕಿ. ಚಿನ್ನದ ದರ, ಡಾಲರ್ ದರ ದಿನಾ ಹಾಕುತ್ತೀರಿ. ನಮ್ಮ ರಾಜ್ಯ ಸಹಕಾರಿ ಹಾಲು ಸಂಗ್ರಹದಲ್ಲಿ ಗುಜರಾತ್ ಬಿಟ್ಟರೆ ಎರಡನೆಯದು ಎನ್ನುತ್ತಾರೆ. ಲಕ್ಷಾಂತರ ಮನೆಯವರ ಸಂಬಳ ಅದು. ಅವರ ಸಂಬಳ ಎಷ್ಟು ಎಂದು ಪೇಟೆಯವರಿಗೆ ಗೊತ್ತಾಗಲಿ. ಈ ತಿಂಗಳ ಮೊದಲ ಬಟವಾಡೆಯ ದಿನ ನಿಮ್ಮ ವರದಿಗಾರರೊಬ್ಬರು ಯಾವುದಾದರೂ ಒಂದು ಹಳ್ಳಿಯ ಡೇರಿಯ ಮುಂದೆ ಬೆಳಿಗ್ಗೆ ಆರಕ್ಕೆ ನಿಲ್ಲಲಿ. ಯಾವ ಊರಾದರೂ ಸರಿ, ಕೋಲಾರವೇ ಆಗಬೇಕೆಂದಿಲ್ಲ.

ಸರ್ಕಾರದವರಿಗೆ ಒಂದು ಮಾತು. ಹಾಲಿನ ದರ ಏರಿದ ತಿಂಗಳೊಳಗೆ ಫೀಡಿನ ದರವೂ ಏರಿದರೆ ನಾನು ಕೊಟ್ಟ 258 ರೂಪಾಯಿ ನನ್ನ ನಾದಿನಿಯ ಕೈ ಮುಟ್ಟುವುದಿಲ್ಲ, ಚೀಲದ ಬಾಯಿಗೆ ಹೋಗುತ್ತದೆ. ಅದನ್ನು ತಡೆಯಿರಿ. ಪ್ರೋತ್ಸಾಹಧನ ಆಯಾ ತಿಂಗಳೇ ಬರಲಿ. ಹಾಲು ಆಯಾ ದಿನವೇ ಬರುತ್ತದೆ, ಒಂದು ದಿನವೂ ತಡ ಆಗುವುದಿಲ್ಲ.

ನನ್ನ ಹಾಗೆ ಪ್ಯಾಕೆಟ್ ಕೊಳ್ಳುವ ಅಕ್ಕತಂಗಿಯರಿಗೂ ಹೇಳಬೇಕು. ಕಷ್ಟ ಇದೆ, ಗೊತ್ತು. ನಮ್ಮತ್ತೆಗೆ 80 ದಾಟಿದೆ, ರಾತ್ರಿ ಅವರು ತೆಗೆದುಕೊಳ್ಳುವುದು ಒಂದು ಲೋಟ ಹಾಲು ಅಷ್ಟೇ. ಅದನ್ನು ಕಡಿಮೆ ಮಾಡಲು ನನ್ನ ಕೈಯಲ್ಲಿ ಆಗುವುದಿಲ್ಲ. ಮೊಮ್ಮಗನ ಲೋಟವನ್ನೂ ಕಡಿಮೆ ಮಾಡುವುದಿಲ್ಲ. ನಾನು, ಯಜಮಾನರು ಸಂಜೆಯ ಕಾಫಿ ಬಿಟ್ಟಿದ್ದೇವೆ. ಹೀಗೆ ಪ್ರತಿ ಮನೆಯಲ್ಲೂ ಏನೋ ಒಂದು ಬಿಡುತ್ತಾರೆ. ದರ ಏರಿದ್ದಕ್ಕೆ ಬೇಜಾರಾಗುವುದು ಸಹಜ. ಬೂತಿನ ಹುಡುಗನ ಮೇಲೆ ಕೂಗಾಡುವುದನ್ನು, ರೈತರು ಮಜಾ ಮಾಡುತ್ತಾರೆ ಎನ್ನುವುದನ್ನು ಮಾತ್ರ ಬಿಡಿ. ಮಂಗಳವಾರ ಬೆಳಿಗ್ಗೆ ನಾನು ಎರಡನ್ನೂ ಕೇಳಿದೆ. ಅಂದವರು ಒಳ್ಳೆಯವರೇ, ನಮ್ಮ ಬೀದಿಯವರೇ, ನನ್ನ ಹತ್ತಿರ ಬ್ಲೌಸ್ ಹೊಲಿಸುವವರು. ಅವರ ಮುಂದೆ ನಾನು ತಮ್ಮನ ನೋಟ್‌ಬುಕ್ಕಿನ ಲೆಕ್ಕ ಹೇಳಿದೆ. ಹೆಬ್ಬೆರಳಿನ ಜಡ್ಡಿನ ವಿಷಯವನ್ನೂ ಹೇಳಿದೆ. ಇಬ್ಬರು ನಿಂತು ಕೇಳಿದರು. ಒಬ್ಬರು ತಮ್ಮ ಅಮ್ಮನ ಕೈಯೂ ಹಾಗೇ ಇತ್ತು ಎಂದರು. ಅವರದು ಹಾಸನದ ಕಡೆ.

ನಿನ್ನೆ ರಾತ್ರಿ ನಾದಿನಿ ಫೋನ್ ಮಾಡಿದ್ದಳು. ಗಬ್ಬದ ಹಸುವಿಗೆ ದಿನ ತುಂಬುತ್ತಾ ಬಂದಿದೆ, ಈ ವಾರದಲ್ಲೇ ಕರು ಹಾಕಬಹುದು. ನೀರಿಗೆ ಕಷ್ಟ, ಒಂದು ಹಸು ದಿನಕ್ಕೆ ಅರವತ್ತು ಎಪ್ಪತ್ತು ಲೀಟರ್ ಕುಡಿಯುತ್ತದೆ, ಬೋರ್‌ವೆಲ್ ಬಿಟ್ಟು ಬಿಟ್ಟು ಬರುತ್ತಿದೆ ಎಂದಳು. ನಾನು ಈ ಪತ್ರದ ವಿಷಯ ಹೇಳಿದೆ. "ಅಯ್ಯೋ, ಊರ ಹೆಸರು ಹಾಕಬೇಡಿ ಅಕ್ಕ" ಅಂದಳು. ಹಾಕಿಲ್ಲ. ಹೊಸ ದರದ ಮೊದಲ ಬಟವಾಡೆ ಬಂದ ದಿನ ಚೀಟಿಯ ಫೋಟೊ ತೆಗೆದು ನನ್ನ ಸೊಸೆಯ ಮೊಬೈಲ್‌ಗೆ ಕಳಿಸುತ್ತೇನೆ ಎಂದಿದ್ದಾಳೆ. ನಾಲ್ಕು ರೂಪಾಯಿ ಅದರಲ್ಲಿ ಇದ್ದರೂ ಇಲ್ಲದಿದ್ದರೂ ಆ ಚೀಟಿಯ ಲೆಕ್ಕವನ್ನು ನಿಮಗೆ ಬರೆದು ಕಳಿಸುತ್ತೇನೆ. ದಯವಿಟ್ಟು ಅದಕ್ಕೂ ಜಾಗ ಕೊಡಿ.

ಇಂತಿ ನಿಮ್ಮ ಹಳೆಯ ಓದುಗಿ,
ಬೆಂಗಳೂರು